ಯಾರ ತಲೆಗೆ ಪೇಟ

ಹಾನಗಲ್ಲ, ಹೊರಡುವ ಹಿಂದಿನ ವಾರ

ವೆಸ್ಟ್ ಇಂಡೀಸಿಗೆ ಹೋಗಿ ಬಂದೆ ಎಂದ ಕೂಡಲೇ ಎಲ್ಲರೂ ಕೇಳುವುದು ಸಮುದ್ರ ಹೇಗಿತ್ತು ಎಂದು. ನೀಲಿ ಇತ್ತು. ಇದಕ್ಕಿಂತ ಹೆಚ್ಚಿಗೆ ಹೇಳಲು ನನಗೆ ಬರುವುದಿಲ್ಲ. ಹದಿನೈದು ದಿನವೂ ನನ್ನ ತಲೆಯೊಳಗೆ ಕೂತಿದ್ದದ್ದು ಬೇರೆಯೇ ಒಂದು ಪ್ರಶ್ನೆ. ಅದನ್ನು ಹೊತ್ತುಕೊಂಡು ಹೋದೆ, ಅರ್ಧ ಹೊತ್ತುಕೊಂಡೇ ವಾಪಸು ಬಂದೆ.

ಹಾನಗಲ್ಲ ಪೇಟೆಯಲ್ಲಿ ನನ್ನದು ಬೀಜ-ಗೊಬ್ಬರದ ಅಂಗಡಿ. ಅದು ಹೊಟ್ಟೆಪಾಡು. ನಿಜವಾದ ಕೆಲಸವೆಂದರೆ ನಮ್ಮ ಕ್ರಿಕೆಟ್ ಕ್ಲಬ್ಬಿನ ಸ್ಕೋರ್ ಬರೆಯುವುದು, ನಲವತ್ತು ವರ್ಷದಿಂದ ಬರೆಯುತ್ತಿದ್ದೇನೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲ್ಲೂಕಿನ ಹುಡುಗರು ಆಡುವ ಪಂದ್ಯಾವಳಿ ನಮ್ಮದು. ಈ ವರ್ಷ ಅದಕ್ಕೆ ಐವತ್ತು ತುಂಬಿತು. ಕಾರ್ಯಕ್ರಮದಲ್ಲಿ ಹಳೆಯ ಆಟಗಾರರೊಬ್ಬರಿಗೆ ಸನ್ಮಾನ ಮಾಡಬೇಕು, ಪೇಟ, ಶಾಲು, ಹಾವೇರಿಯ ಏಲಕ್ಕಿ ಹಾರ ಎಲ್ಲ ಹಾಕಿ. ಒಬ್ಬರಿಗೇ. ಇಬ್ಬರಿಗೆ ಮಾಡಿದರೆ ಮೂರನೆಯವನು ಸಿಟ್ಟಾಗುತ್ತಾನೆ, ಅದು ನಮಗೆ ಗೊತ್ತಿದ್ದ ಸಂಗತಿ. ಯಾರಿಗೆ ಎನ್ನುವುದನ್ನು ಹೇಳುವ ಕೆಲಸವನ್ನು ಎಲ್ಲರೂ ಸೇರಿ ನನ್ನ ಕೊರಳಿಗೆ ಕಟ್ಟಿದರು. ಪುಸ್ತಕ ನನ್ನ ಹತ್ತಿರವೇ ಇದೆಯಲ್ಲ!

ಒಬ್ಬರು ಮೋಹನಗೌಡರು. ಒಳ್ಳೆಯ ಬ್ಯಾಟ್ಸ್‌ಮನ್. ನಾವು ಆಡುವ ಮೈದಾನವೂ ಅವರ ಹೊಲವೇ. ಇನ್ನೊಬ್ಬ ದುಂಡಸಿಯ ಫಕ್ಕೀರಪ್ಪ, ನಮ್ಮ ಬೌಲರ್. ಹುಡುಗನಿದ್ದಾಗ ಗೌಡರ ಹೊಲದಲ್ಲಿ ದುಡಿಯುತ್ತಿದ್ದ, ಈಗ ಸ್ವಂತ ಎರಡು ಎಕರೆಯಲ್ಲಿ ಗೋವಿನಜೋಳ ಬೆಳೆಯುತ್ತಾನೆ. ರನ್ನಿನ ಲೆಕ್ಕದಲ್ಲಿ ಗೌಡರು ಮುಂದೆ, ವಿಕೆಟ್ಟಿನ ಲೆಕ್ಕದಲ್ಲಿ ಫಕ್ಕೀರಪ್ಪನ ಹತ್ತಿರ ಯಾರೂ ಸುಳಿಯುವುದಿಲ್ಲ. ನನಗೆ ಬಗೆಹರಿಯಲಿಲ್ಲ.

ನಮ್ಮ ಕಾರ್ಯದರ್ಶಿ ದಾದಾಪೀರ, ಸವಣೂರಿನಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟವನು. ಆಮಂತ್ರಣ ಪತ್ರಿಕೆ ಅಚ್ಚು ಮಾಡುವವನೂ ಅವನೇ. "ಅಣ್ಣಾರ, ನೀವು ಹೋಗ್ರಿ, ಖುಷಿಯಿಂದ ಹೋಗಿ ಬರ್ರಿ. ಆದ್ರ ಅಲ್ಲಿಂದನ ಹೆಸರು ಹೇಳಿಬಿಡ್ರಿ. ಹೆಸರಿನ ಜಾಗಾ ಖಾಲಿ ಬಿಟ್ಟೇನಿ" ಎಂದ.

ನಾವು ಹೊರಟದ್ದು ನನ್ನ ಹೆಂಡತಿ ಸುಮಿತ್ರಾಳ ತಮ್ಮ ಮಹೇಶನ ಮನೆಗೆ. ಅವನು ಆ್ಯಂಟಿಗಾ ಎನ್ನುವ ದ್ವೀಪದ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಆ ದ್ವೀಪದಲ್ಲಿ ಸರ್ ಪದವಿ ಪಡೆದ ಕ್ರಿಕೆಟಿಗರಿದ್ದಾರೆ, ಅವರಲ್ಲಿ ಒಬ್ಬರು ಬೆಳಿಗ್ಗೆ ಮೈದಾನದ ಮರದ ಕೆಳಗೆ ಕೂತಿರುತ್ತಾರೆ ಎಂದು ಅವನು ಫೋನಿನಲ್ಲಿ ಹೇಳಿದ್ದೇ ತಡ, ನಾನು ಹಾವೇರಿಗೆ ಹೋಗಿ ಎರಡೆಳೆಯ ಏಲಕ್ಕಿ ಹಾರ, ಜರಿಯಂಚಿನ ಶಾಲು, ಡಬ್ಬಿ ಸಮೇತ ಒಂದು ಪೇಟ ತಂದೆ. ಅಷ್ಟು ದೂರ ಹೋಗಿ ಅಂಥವರ ಎದುರು ಕೈಬೀಸಿಕೊಂಡು ನಿಲ್ಲುವುದು ಹೇಗೆ?

"ಅವರಿಗೆ ರಾಜಾನ ಪದವಿ ಕೊಟ್ಟಾನಂತ, ನಿಮ್ಮ ಪೇಟಾ ತೊಗೊಂಡು ಏನ್ಮಾಡ್ತಾರ್ರೀ?" ಎಂದಳು ಸುಮಿತ್ರಾ. ಎಂದವಳೇ ಪೇಟದ ಡಬ್ಬಿ ಜಜ್ಜಬಾರದೆಂದು ಸುತ್ತಲೂ ತನ್ನ ಸೀರೆಗಳನ್ನಿಟ್ಟಳು.

ಲಂಡನ್, ಎರಡು ದಿನ

ವಿಮಾನ ಬದಲಿಸುವ ನೆಪದಲ್ಲಿ ಲಂಡನ್ನಿನಲ್ಲಿ ಎರಡು ದಿನ ಉಳಿದೆವು. ಊರಿನ ಬಗ್ಗೆ ಹೇಳುವುದೇನೆಂದರೆ, ಅಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ರೈಲಿನಲ್ಲಿ ಎದುರಿಗೆ ಕೂತವನನ್ನು "ಯಾವ ಊರು?" ಎಂದು ಕೇಳಿದೆ. ಅವನು ಮುಂದಿನ ಸ್ಟೇಷನ್ನಿನಲ್ಲಿ ಇಳಿದೇಬಿಟ್ಟ. ಅವನ ಊರು ಅದೇ ಇತ್ತೋ, ನನ್ನ ಕಾಟಕ್ಕೆ ಇಳಿದನೋ, ದೇವರಿಗೇ ಗೊತ್ತು.

ಎರಡನೇ ದಿನ ಅಲ್ಲಿಯ ದೊಡ್ಡ ಕ್ರಿಕೆಟ್ ಮೈದಾನ ನೋಡಲು ಹೋದೆವು. ಟೈ ಕಟ್ಟಿದ ವಯಸ್ಸಾದ ಗೈಡ್ ಒಬ್ಬ ಹತ್ತು ಹನ್ನೆರಡು ಜನರನ್ನು ಕರೆದುಕೊಂಡು ಸುತ್ತಾಡಿಸಿದ. ಗೋಡೆಯ ತುಂಬ ಎಣ್ಣೆಬಣ್ಣದ ಚಿತ್ರಗಳು. ನಾನು ನಡುವೆ ಕೈ ಎತ್ತಿ, ಕೆಲವರ ಹೆಸರಿಗೆ ಸರ್ ಇದೆ, ಕೆಲವರಿಗೆ ಇಲ್ಲ, ಹೇಗೆ ನಿರ್ಧಾರ ಮಾಡುತ್ತೀರಿ ಎಂದು ನನ್ನ ಇಂಗ್ಲಿಷಿನಲ್ಲಿ ಕೇಳಿದೆ. ಗೈಡಿಗೆ ಖುಷಿಯಾಯಿತು. ಹೇಳಲು ಶುರುಮಾಡಿದ. ಹೇಳುತ್ತ ಹೋದ ಹಾಗೆ ನಾನು ಮೊದಲು ತಿಳಿದುಕೊಂಡಿದ್ದದ್ದೂ ಕಲಸಿಹೋಯಿತು.

ಹೆಚ್ಚು ರನ್ ಹೊಡೆದವರಿಗೆ ಕೊಡುತ್ತಾರೆಯೇ? ಹಾಗೇನಿಲ್ಲ. ಕ್ಯಾಪ್ಟನ್ ಆದವರಿಗೆ? ಕೆಲವು ಕ್ಯಾಪ್ಟನ್ನರಿಗೆ. ಒಳ್ಳೆಯ ನಡತೆಗೆ? ಗೈಡ್ ಕೆಮ್ಮಿದ. ಯಾರು ಬೇಕಾದರೂ ಯಾರ ಬಗ್ಗೆಯಾದರೂ ಅರ್ಜಿ ಬರೆಯಬಹುದಂತೆ, ಸಮಿತಿ ನೋಡುತ್ತದಂತೆ, ಕೊನೆಗೆ ರಾಜ ಭುಜಕ್ಕೆ ಕತ್ತಿ ಮುಟ್ಟಿಸುತ್ತಾನಂತೆ. ಇದಲ್ಲದೆ ಅಧಿಕಾರ ಬಿಟ್ಟು ಹೋಗುವ ಪ್ರಧಾನಿ ಹೋಗುವ ಹೊತ್ತಿಗೆ ತಾನೇ ಒಂದು ಪಟ್ಟಿ ಕೊಟ್ಟು ಹೋಗಬಹುದಂತೆ. ಪ್ರಧಾನಿಗೆ ಕ್ರಿಕೆಟ್ ಹುಚ್ಚಿದ್ದರೆ ಆಟಗಾರನ ಅದೃಷ್ಟ. ಆಸ್ಟ್ರೇಲಿಯಾದಂಥ ದೊಡ್ಡ ದೇಶದಲ್ಲಿ ಆಟಕ್ಕಾಗಿ ಈ ಪದವಿ ಸಿಕ್ಕಿದ್ದು ಒಬ್ಬನಿಗೆ, ನಾವು ಹೊರಟ ಪುಟ್ಟ ದ್ವೀಪದಲ್ಲಿ ಹಲವರಿಗೆ, ಏಕೆಂದರೆ ಅಲ್ಲಿಯ ಸರ್ಕಾರ ತನ್ನವರಿಗೆ ತಾನೇ ಕೊಡುತ್ತದೆ. ಹಾಗಾದರೆ ನಮ್ಮ ದೇಶದವರಿಗೆ? ಆ ರಾಜ ನಿಮ್ಮ ರಾಜನಲ್ಲವಲ್ಲ ಎಂದ. ಅದು ಸರಿಯೇ.

"ಬೌಲರ್‌ಗಳಿಗೆ?" ಎಂದೆ ಕೊನೆಗೆ.

"ಬಹಳ ಕಾಲ ಬಲು ಅಪರೂಪ" ಎಂದು ಗೈಡ್ ನಮ್ಮನ್ನು ಒಂದು ಗಾಜಿನ ಪೆಟ್ಟಿಗೆಯ ಹತ್ತಿರ ಕರೆದೊಯ್ದ. ಒಳಗೆ ಹಳೆಯ ಸ್ಕೋರ್ ಕಾರ್ಡುಗಳು. ಹಿಂದೆ ಕ್ರಿಕೆಟ್ಟಿನಲ್ಲಿ ಎರಡು ಜಾತಿಯ ಆಟಗಾರರಿದ್ದರಂತೆ. ಮನೆಯಲ್ಲಿ ಆಸ್ತಿ ಇದ್ದು ಶೋಕಿಗೆ ಆಡುವವರು, ದುಡ್ಡಿಗೆ ಆಡುವವರು. ಬೌಲಿಂಗಿನ ಬೆವರಿನ ಕೆಲಸವೆಲ್ಲ ಹೆಚ್ಚಾಗಿ ಎರಡನೆಯವರದು. ಮೈದಾನಕ್ಕೆ ಇಳಿಯಲು ಇಬ್ಬರಿಗೂ ಬೇರೆ ಬೇರೆ ಬಾಗಿಲು. ಕಾರ್ಡಿನಲ್ಲಿ ಹೆಸರು ಬರೆಯುವ ರೀತಿಯೂ ಬೇರೆ. ಆಸ್ತಿವಂತರಿಗೆ ಇನಿಷಿಯಲ್ ಮುಂದೆ, ದುಡಿಯುವವರಿಗೆ ಹಿಂದೆ, ಒಮ್ಮೊಮ್ಮೆ ಬರೀ ಮನೆತನದ ಹೆಸರು.

ನಾನು ಗಾಜಿಗೆ ಮೂಗು ಹಚ್ಚಿ ನೋಡಿದೆ. ನಾನೂ ಸ್ಕೋರ್ ಬರೆಯುವವನೇ. ಆ ಅಕ್ಷರ ಬರೆದ ಕೈ ನನಗೆ ಗುರುತಿನದು ಅನಿಸಿತು. ಏಕೆಂದು ಆಗ ಹೊಳೆಯಲಿಲ್ಲ.

ಅಷ್ಟರಲ್ಲಿ ಸುಮಿತ್ರಾ ಹಸಿವೆಯೆಂದು ಚೀಲದಿಂದ ಸವಣೂರು ಖಾರಾ ತೆಗೆದಿದ್ದಳು. ಅಲ್ಲಿ ಏನೂ ತಿನ್ನಬಾರದೆಂದು ಹೇಳಲು ಬಂದ ಗೈಡಿನ ಕೈಗೂ ಒಂದು ಮುಷ್ಟಿ ಹಾಕಿದಳು. ಪುಣ್ಯಾತ್ಮ ತಿಂದ. ಮುಖ ಕೆಂಪಗಾಗಿ ಕಣ್ಣಲ್ಲಿ ನೀರು ಬಂತು. ಆದರೂ ಹೋಗುವಾಗ ಇನ್ನಷ್ಟು ಇದೆಯೇ ಎಂದು ಕೇಳಿದ.

ದ್ವೀಪ, ಮೊದಲ ದಿನ

ವಿಮಾನ ನಿಲ್ದಾಣದಲ್ಲಿ ಹಾರ ನಮ್ಮನ್ನು ಸಿಕ್ಕಿಹಾಕಿಸಿತು. ಅಧಿಕಾರಿ ಹೆಣ್ಣುಮಗಳು ಪೆಟ್ಟಿಗೆ ತೆರೆಸಿ, ಏಲಕ್ಕಿ ಹಾರವನ್ನು ಎರಡು ಬೆರಳಿನಿಂದ ಎತ್ತಿ ಮೂಸಿದಳು. ಬೀಜವೇ ಎಂದಳು. ಬೀಜದ ವ್ಯಾಪಾರಿ ನಾನು, ಸುಳ್ಳು ಹೇಗೆ ಹೇಳಲಿ? ಹೌದು, ಆದರೆ ಬಿತ್ತಲಿಕ್ಕಲ್ಲ, ಕೊರಳಿಗೆ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಕೊನೆಗೆ ನಾನೇ ಪೇಟ ತಲೆಗಿಟ್ಟು, ಹಾರ ಕೊರಳಿಗೆ ಹಾಕಿ, ಶಾಲು ಹೊದ್ದು ನಿಂತು ತೋರಿಸಿದೆ. ಹಿಂದೆ ಸಾಲಿನಲ್ಲಿದ್ದವರು ಚಪ್ಪಾಳೆ ಹೊಡೆದರು.

"ಜೀವನದಾಗ ಒಂದ್ಸಲ ಸನ್ಮಾನ ಆತಲ್ರೀ ನಿಮಗ" ಎಂದಳು ಸುಮಿತ್ರಾ.

ಅಧಿಕಾರಿ ನಕ್ಕು ಬಿಟ್ಟುಕೊಟ್ಟಳು.

ದ್ವೀಪ ನಮ್ಮ ಒಂದು ತಾಲ್ಲೂಕಿನಷ್ಟೂ ಇಲ್ಲ. ಜನ ಮಾತ್ರ ಲಂಡನ್ನಿನ ತದ್ವಿರುದ್ಧ. ಅಂಗಡಿಗೆ ಹೋಗಿ ನೀರಿನ ಬಾಟಲಿ ಕೇಳಿದರೆ ಅಂಗಡಿಯಾಕೆ ನನ್ನನ್ನು ಸುಮ್ಮನೆ ನೋಡುತ್ತ ನಿಂತಳು. ಎರಡು ಸಲ ಕೇಳಿದೆ. ಕದಲಲಿಲ್ಲ. ಆಮೇಲೆ ಮಹೇಶ ಬಂದು, "ಮಾಮಾ, ಮೊದ್ಲ ನಮಸ್ಕಾರ ಹೇಳ್ರಿ. ಇಲ್ಲಿ ಅದನ್ನ ಹೇಳದ ಮಾತಾಡ್ಸಿದ್ರ ಬೈದಂಗ" ಎಂದ. ಗುಡ್ ಆಫ್ಟರ್‌ನೂನ್ ಎಂದೆ. ನೀರು ಬಂತು. ರಾತ್ರಿ ಊಟಕ್ಕೆ ಮಹೇಶನ ಪಕ್ಕದ ಮನೆಯಾಕೆ ಒಂದು ಮುದ್ದೆ ಕಳಿಸಿದ್ದಳು, ಗೋವಿನಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ ತೊಳಸಿದ್ದು. ಅದನ್ನು ತಿನ್ನುವಾಗ ಫಕ್ಕೀರಪ್ಪನ ನೆನಪಾಯಿತು. ಪಂದ್ಯದ ದಿನ ಅವನು ಗೋವಿನಜೋಳದ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದ. ನಾವು ಶಾಮಿಯಾನದೊಳಗೆ ಕೂತು ಉಣ್ಣುತ್ತಿದ್ದೆವು, ಅವನು ರೋಲರಿನ ಮೇಲೆ ಕೂತು ಉಣ್ಣುತ್ತಿದ್ದ. ಬಾ ಎಂದು ಯಾರಾದರೂ ಕರೆದಿದ್ದರೇ? ನನಗೆ ನೆನಪಾಗಲಿಲ್ಲ.

ನಾಲ್ಕನೇ ದಿನ, ಮೈದಾನ

ಬೆಳಿಗ್ಗೆ ಮಹೇಶ ನಮ್ಮನ್ನು ಮೈದಾನದ ಗೇಟಿಗೆ ಬಿಟ್ಟು, ಕ್ಲಾಸು ಮುಗಿಸಿ ಬರುತ್ತೇನೆ, ಮರದ ಕೆಳಗೆ ನೋಡಿರಿ ಎಂದು ಹೋದ. ಮರದ ಕೆಳಗೆ ಬೆಂಚಿನ ಮೇಲೆ ಎತ್ತರದ ಮುದುಕರೊಬ್ಬರು ಕೂತಿದ್ದರು. ಬಿಳಿ ಅಂಗಿ, ಕೈಯಲ್ಲಿ ಕೋಲು. ದಾರಿಯಲ್ಲಿ ಹೋಗುವವರೆಲ್ಲ ನಿಂತು ಅವರಿಗೆ ನಮಸ್ಕಾರ ಹೇಳುತ್ತಿದ್ದರು. ಒಬ್ಬ ಸೈಕಲ್ ಇಳಿದು ಟೊಪ್ಪಿಗೆ ತೆಗೆದ. ಇನ್ನೇನು ಸಾಕ್ಷಿ ಬೇಕು?

ಹುಡುಗನಿದ್ದಾಗ ರೇಡಿಯೊಕ್ಕೆ ಕಿವಿ ಹಚ್ಚಿ ಕೇಳಿದ ಮನುಷ್ಯ ಎದುರಿಗೆ! ಹತ್ತಿರ ಹೋಗಿ, "ಫ್ರಮ್ ಇಂಡಿಯಾ, ಹಾನಗಲ್ಲ" ಎಂದಷ್ಟೇ ಹೇಳಿ, ಮಾತಿಗೆ ಕಾಯದೆ ಶಾಲು ಹೊದಿಸಿದೆ, ಹಾರ ಹಾಕಿದೆ, ಪೇಟ ಇಟ್ಟೆ. ಪೇಟ ತುಸು ಬಿಗಿಯಾಯಿತು, ಸುಮಿತ್ರಾ ಸರಿಮಾಡಿದಳು. ನಾನು ಬಗ್ಗಿ ಕಾಲು ಮುಟ್ಟಿ ನಮಸ್ಕರಿಸಿದೆ. ಮುದುಕರು ಬೆನ್ನು ನೆಟ್ಟಗೆ ಮಾಡಿ, ಗದ್ದ ಎತ್ತಿ ಫೋಟೋಕ್ಕೆ ಕೂತರು.

ಮಹೇಶ ಬಂದವನು ದೂರದಿಂದಲೇ ತಲೆ ಹಿಡಿದುಕೊಂಡ.

"ಮಾಮಾ, ಏನ್ ಮಾಡೀರಿ ಇದು? ಅವರು ಇವತ್ತ ಬಂದಿಲ್ರಿ. ಇವರು ಪಿಚ್ ನೋಡ್ಕೊಳ್ಳೋ ಅಜ್ಜ. ರೋಲರ್ ಎಳೀತಿದ್ರು."

"ಮತ್ತ ಎಲ್ಲಾರೂ ನಿಂತು ನಮಸ್ಕಾರ ಮಾಡಾಕತ್ತಿದ್ರಲ್ಲೋ?"

"ಇಲ್ಲಿ ಎಲ್ಲಾರೂ ಎಲ್ಲಾರಿಗೂ ಮಾಡ್ತಾರ್ರಿ, ಮಾಮಾ!"

"ಮೊದಲ ದಿನಾನ ನೀರಿನ ಅಂಗಡ್ಯಾಗ ಕಲಿಸಿದ್ನಲ್ರೀ" ಎಂದಳು ಸುಮಿತ್ರಾ, ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದು.

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹಾಕಿದ ಹಾರವನ್ನು ತೆಗೆಯುವುದು ನಮ್ಮಲ್ಲಿ ಸಾಧ್ಯವೇ? ತೆಗೆಯುವುದು ಬೇಡ, ಇರಲಿ ಎಂದರೆ ಆ ದೊಡ್ಡ ಆಟಗಾರರ ಮುಂದೆ ಯಾವ ಮುಖ ತೋರಿಸಲಿ? ಮುದುಕರು ನಮ್ಮ ಗಲಿಬಿಲಿ ನೋಡಿ ಎಲ್ಲ ಅರ್ಥಮಾಡಿಕೊಂಡರು. ಮಹೇಶನನ್ನು ಕೇಳಿ ಖಾತ್ರಿಯನ್ನೂ ಮಾಡಿಕೊಂಡರು. ಪೇಟ ಮಾತ್ರ ತೆಗೆಯಲಿಲ್ಲ.

"ನೀವು ನೋಡಲು ಬಂದವನು ಹುಡುಗನಿದ್ದಾಗ ಅಭ್ಯಾಸದ ನೆಟ್ಸ್‌ನಲ್ಲಿ ಅವನಿಗೆ ಬೌಲಿಂಗ್ ಮಾಡುತ್ತಿದ್ದವನು ನಾನು. ನಾಲ್ಕು ವರ್ಷ, ದಿನಾ ಬೆಳಿಗ್ಗೆ" ಎಂದರು.

"ಹಾಗಾದರೆ ನಿಮಗೇಕೆ ಆ ಪದವಿ ಕೊಡಲಿಲ್ಲ?" ಎಂದೆ. ಪೆದ್ದ ಪ್ರಶ್ನೆ. ಆದರೆ ಎರಡು ವಾರದಿಂದ ಅದನ್ನೇ ಕೇಳಿ ಕೇಳಿ ಬಾಯಿಗೆ ರೂಢಿಯಾಗಿತ್ತು.

ಅವರು ಬಹಳ ಹೊತ್ತು ನಕ್ಕರು. "ಯಾರೂ ನನ್ನನ್ನು ಬರೆದುಕೊಳ್ಳಲಿಲ್ಲ. ನೆಟ್ಸ್‌ನಲ್ಲಿ ಸ್ಕೋರ್ ಬರೆಯುವವರು ಇರುವುದಿಲ್ಲ. ಅಂದಹಾಗೆ, ಇಷ್ಟೆಲ್ಲ ತೊಡಿಸಿದಿರಿ. ನನ್ನ ಹೆಸರು ಕೇಳಲೇ ಇಲ್ಲವಲ್ಲ."

ನಾನು ಜೇಬಿನ ಡೈರಿ ತೆಗೆದೆ. ಅವರು ಹೇಳಿದರು, ನಾನು ಬರೆದುಕೊಂಡೆ. ಹೆಕ್ಟರ್ ಎಮಾನುಯೆಲ್ ಬ್ರೌನ್. ಅವರು ಕನ್ನಡ ಅಕ್ಷರವನ್ನು ಬೆರಳಿನಿಂದ ಮುಟ್ಟಿ ನೋಡಿ, ಇದರಲ್ಲಿ ಎಲ್ಲಾ ಇದೆಯೇ ಎಂದು ಕೇಳಿದರು. ಎಲ್ಲಾ ಇದೆ ಎಂದೆ.

ಲಂಡನ್ನಿನ ಗಾಜಿನ ಪೆಟ್ಟಿಗೆಯ ಮುಂದೆ ಆ ಕೈ ಗುರುತಿನದು ಅನಿಸಿದ್ದು ಏಕೆ ಎಂದು ಆಗ ಹೊಳೆಯಿತು. ನಲವತ್ತು ವರ್ಷದ ನನ್ನ ಪುಸ್ತಕಗಳಲ್ಲಿ ಗೌಡರ ಹೆಸರನ್ನು 'ಶ್ರೀ ಮೋಹನಗೌಡ ಪಾಟೀಲ' ಎಂದೇ ಬರೆದಿದ್ದೇನೆ, ಸೊನ್ನೆಗೆ ಔಟಾದ ದಿನವೂ. ಫಕ್ಕೀರಪ್ಪನ ಹೆಸರನ್ನು 'ಫಕೀರ್ಯಾ' ಎಂದು. ಯಾರೂ ನನಗೆ ಹಾಗೆ ಬರಿ ಎಂದು ಹೇಳಿರಲಿಲ್ಲ. ನಾವೆಲ್ಲ ಗೌಡರ ಹೊಲಕ್ಕೆ ದೊಡ್ಡ ಗೇಟಿನಿಂದ ಬರುತ್ತಿದ್ದೆವು, ಅವನು ಕಾಲುವೆ ಕಡೆಯ ಬೇಲಿಯ ಸಂದಿಯಿಂದ ಬರುತ್ತಿದ್ದ. ಅವನಿಗೂ ಯಾರೂ ಹಾಗೆ ಬಾ ಎಂದಿರಲಿಲ್ಲ.

ಇನ್ನೂ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಒಮ್ಮೆ ಹಿರೇಕೆರೂರಿನಲ್ಲಿ ಫೈನಲ್. ಎದುರಾಳಿಗಳ ಹತ್ತು ವಿಕೆಟ್ಟಿನಲ್ಲಿ ಒಂಬತ್ತು ಫಕ್ಕೀರಪ್ಪನವು, ಒಂದು ರನೌಟ್. ಗೌಡರು ಐವತ್ತೆರಡು ಹೊಡೆದಿದ್ದರು. ಪಂದ್ಯಶ್ರೇಷ್ಠ ಯಾರು ಎಂದು ಅಂಪೈರ್ ಕೇಳಿದಾಗ ನಾನು ಪುಸ್ತಕದಿಂದ ತಲೆಯನ್ನೂ ಎತ್ತದೆ ಗೌಡರು ಎಂದೆ. ಬಹುಮಾನದ ಸ್ಟೀಲ್ ಕೊಡ ಅವರ ಮನೆಗೆ ಹೋಯಿತು, ಅವರ ಮನೆಯಲ್ಲಿ ಅಂಥವು ಇಪ್ಪತ್ತಿದ್ದವು. ಮರುದಿನ ಫಕ್ಕೀರಪ್ಪ ದುಂಡಸಿಯಿಂದ ಬಸ್ ಹತ್ತಿ ಹಾನಗಲ್ಲಿಗೆ, ನನ್ನ ಅಂಗಡಿಗೆ ಬಂದ. "ಸಾವ್ಕಾರ್ರ, ನಿನ್ನೀದು ಆ ಹಾಳಿ ಕೊಡ್ತೀರೇನ್ರಿ? ನಮ್ಮವ್ವಗ ತೋರಸ್ಬೇಕಾಗಿತ್ತು" ಎಂದ. ಸ್ಕೋರ್ ಪುಸ್ತಕದ ಹಾಳೆ ಹರಿಯಲು ಬರುವುದಿಲ್ಲಪ್ಪಾ ಎಂದು ನಿಯಮ ಹೇಳಿ ಕಳಿಸಿದೆ. "ಅಡ್ಡಿಯಿಲ್ರಿ" ಎಂದು ಹೋದ.

ಐದನೇ ದಿನ, ಫೋನು

ಬೆಳಿಗ್ಗೆ ಎಂಟಕ್ಕೆ ದಾದಾಪೀರನಿಗೆ ಫೋನ್ ಮಾಡಿದೆ. ನಮ್ಮಲ್ಲಿ ಅದು ಸಂಜೆಯ ಚಹಾದ ಹೊತ್ತು.

"ಫಕ್ಕೀರಪ್ಪಂದು ಹಾಕು" ಎಂದೆ.

"ಗೌಡ್ರು ಗ್ರೌಂಡ್ ಕೊಡದಿದ್ರ?"

"ಕೊಡದಿದ್ರ ಹಿರೇಕೆರೂರಾಗ ಆಡೂಣು. ನೀ ಹಾಕು."

"ಹಾಕ್ತೇನ್ರಿ, ನಂಗೂ ಮನಸಿನ್ಯಾಗ ಅದ ಇತ್ತು. ಫಕೀರ್ಯಾ ಅಂತ ಕಾರ್ಡಿನ್ಯಾಗ ಹಾಕಾಕ ಬರೂದಿಲ್ಲ. ಪೂರ್ತಿ ಹೆಸರು ಹೇಳ್ರಿ."

ನನಗೆ ಅವನ ತಂದೆಯ ಹೆಸರು ಗೊತ್ತಿಲ್ಲ, ಮನೆತನದ ಹೆಸರು ಗೊತ್ತಿಲ್ಲ. "ನಿನಗ ಗೊತ್ತಿಲ್ಲೇನೋ?" ಎಂದೆ. "ನೀವ ಅಲ್ರೀ ಬರಕೊಂಡಾವ್ರು!" ಎಂದ. ನಮ್ಮ ಹಳೆಯ ಆಟಗಾರರಲ್ಲಿ ನಾಲ್ಕು ಜನರಿಗೆ ದಾದಾಪೀರ ಫೋನ್ ಮಾಡಿ ಕೇಳಿದ. ಒಬ್ಬರಿಗೂ ಗೊತ್ತಿರಲಿಲ್ಲ. ಅವನ ಇನ್‌ಸ್ವಿಂಗ್ ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಫಕ್ಕೀರಪ್ಪನ ನಂಬರು ತೆಗೆದುಕೊಂಡು ನಾನೇ ಮಾಡಿದೆ.

"ಫಕ್ಕೀರಪ್ಪಾ, ನಾ ಹಾನಗಲ್ಲ ಅಂಗಡಿ ಸಾವ್ಕಾರ ಮಾತಾಡಾಕತ್ತೇನಿ. ನಿನ್ನ ಪೂರ್ತಿ ಹೆಸರೇನು?"

"ಯಾಕ್ರಿ ಸಾವ್ಕಾರ್ರ, ರೇಷನ್ ಕಾರ್ಡಿಗೇನ್ರಿ? ಈಗಷ್ಟ ಬರಕೊಂಡ ಹೋದ್ರಲ್ರಿ."

"ಅದಕ್ಕಲ್ಲೋ ಮಾರಾಯಾ. ಸನ್ಮಾನಕ್ಕ. ಈ ವರ್ಷ ಪೇಟಾ ನಿಂದ."

ಆ ಕಡೆಯಿಂದ ಬರೀ ಎಮ್ಮೆ ಕೂಗಿದ ಸದ್ದು ಬಂತು.

"ಫಕ್ಕೀರಪ್ಪ ನಿಂಗಪ್ಪ ತಳವಾರ್ ಅಂತ ಬರ್ಕೋರಿ" ಎಂದ. ಹಿಂದೆಯೇ, "ಸಾವ್ಕಾರ್ರ, ಆ ಹಾಳಿ ಇನ್ನೂ ಐತೇನ್ರಿ?" ಎಂದು ಕೇಳಿದ.

ದುಂಡಸಿ

ದ್ವೀಪದ ಆ ದೊಡ್ಡ ಆಟಗಾರರನ್ನು ನಾನು ಕೊನೆಗೂ ನೋಡಲಿಲ್ಲ. ನೋಡಿದ್ದರೂ ಕೊಡಲು ಕೈಯಲ್ಲಿ ಏನಿತ್ತು? ಪೇಟ ಬ್ರೌನ್ ಅಜ್ಜನ ಮನೆಯಲ್ಲಿ ಉಳಿಯಿತು. ಅವರು ಭಾನುವಾರ ಅದನ್ನಿಟ್ಟುಕೊಂಡೇ ಚರ್ಚಿಗೆ ಹೋದರೆಂದು ಮಹೇಶ ಫೋಟೋ ಕಳಿಸಿದ್ದಾನೆ. ಸರ್ ಪದವಿ ಕೆಲವರಿಗೇಕೆ ಸಿಗುತ್ತದೆ, ಕೆಲವರಿಗೇಕಿಲ್ಲ ಎನ್ನುವುದು ನನಗೆ ಇವತ್ತಿಗೂ ತಿಳಿದಿಲ್ಲ. ತಿಳಿದವರು ಅಂಗಡಿಗೆ ಬಂದರೆ ಚಹಾ ಕುಡಿಸಿ ಕೇಳುತ್ತೇನೆ. ಆಮಂತ್ರಣ ಪತ್ರಿಕೆ ನೋಡಿದ ಮೇಲೆ ಗೌಡರು ಅಂಗಡಿ ಮುಂದೆ ಹಾಯ್ದರೂ ನನ್ನನ್ನು ಮಾತಾಡಿಸಿಲ್ಲ. ಗ್ರೌಂಡಿನ ವಿಚಾರಕ್ಕೆ ಹೂಂ ಎಂದೂ ಇಲ್ಲ, ಊಹೂಂ ಎಂದೂ ಇಲ್ಲ.

ಬಂದ ಮೂರನೇ ದಿನ ಹಳೆಯ ಸ್ಕೋರ್ ಪುಸ್ತಕ ಬಗಲಲ್ಲಿ ಇಟ್ಟುಕೊಂಡು, ಶಿಗ್ಗಾಂವಿಯಲ್ಲಿ ಬಸ್ ಬದಲಿಸಿ ದುಂಡಸಿಗೆ ಹೋದೆ. ಫಕ್ಕೀರಪ್ಪನ ಮನೆ ನೋಡಿದ್ದು ಅದೇ ಮೊದಲು.

"ಬರ್ರಿ ಸಾವ್ಕಾರ್ರ, ಕುಂದರ್ರಿ" ಎಂದು ಕಂಬಳಿ ಹಾಸಿದ. ಅವನ ಅವ್ವ ತೀರಿಕೊಂಡು ಹನ್ನೆರಡು ವರ್ಷವಾಯಿತಂತೆ, ಅದೂ ನನಗೆ ಗೊತ್ತಿರಲಿಲ್ಲ.

ಪುಸ್ತಕ ತೆರೆದು ತೋರಿಸಿದೆ. ಬೌಲರಿನ ಸಾಲಿನಲ್ಲಿ ಮೇಲಿಂದ ಕೆಳಗಿನವರೆಗೆ ಒಂಬತ್ತು ಸಲ ನನ್ನ ದುಂಡು ಅಕ್ಷರ, ಫಕೀರ್ಯಾ, ಫಕೀರ್ಯಾ, ಫಕೀರ್ಯಾ. ಜೇಬಿನಿಂದ ಪೆನ್ನು ತೆಗೆದು, ಎಲ್ಲ ಹೊಡೆದುಹಾಕಿ ಪೂರ್ತಿ ಹೆಸರು ಬರೆಯುತ್ತೇನೆ, ಆಮೇಲೆ ಹರಿದು ಕೊಡುತ್ತೇನೆ ಎಂದೆ.

ಫಕ್ಕೀರಪ್ಪ ನನ್ನ ಕೈ ಹಿಡಿದ. ಚೆಂಡು ಹಿಡಿದು ಗಟ್ಟಿಯಾದ ಬೆರಳುಗಳು.

"ಅಳಸಬ್ಯಾಡ್ರಿ, ಸಾವ್ಕಾರ್ರ. ಕಾರ್ಡಿನ್ಯಾಗ ಪೂರ್ತಿ ಬಂದೈತಲ್ರಿ, ಅದು ಊರಿಗೆ. ಇದು ಹಂಗ ಇರ್ಲಿ."

"ಇದು ತಪ್ಪೋ ಫಕ್ಕೀರಪ್ಪಾ. ನಾ ಹಂಗ ಬರೀಬಾರದಿತ್ತು."

"ನೀವು ಯಾಕ ಬರದ್ರೋ ನನಗೇನ್ ಗೊತ್ರಿ" ಎಂದ ಅವನು, ಹಾಳೆಯ ಮೇಲಿನಿಂದ ಕಣ್ಣು ತೆಗೆಯದೆ. "ನಮ್ಮವ್ವ ನನ್ನ ಹಂಗ ಕರೀತಿದ್ಳು."